ಚಾರ್ಟಿನಲ್ಲಿ ಇಲ್ಲದ ಗಿಡ

ಚಳ್ಳಕೆರೆ ಸೀಮೆಯ ಒಂದು ಊರು. ಶೇಂಗಾ ಗಿಡದಲ್ಲಿ ಹೂವೂ ಕಾಯಿಯೂ ಒಟ್ಟಿಗೇ ಇರುವ ಹೊತ್ತು. ಶಾಲೆಯ ಹಿಂದಿನ ಹೊಲದ ಬದುವಿನ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಆ ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಹೇಳುವ ಟೀಚರ್. ಇನ್ನೊಬ್ಬರು ಅವರಿಗೇ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ಈಗ ನಿವೃತ್ತರಾಗಿರುವ ಮೇಷ್ಟ್ರು.

ಟೀಚರ್: ನಾಳೆಯಿಂದ ಸಸ್ಯಗಳ ಪಾಠ ಸರ್. ಚಾರ್ಟ್ ಆಗಲೇ ತೂಗು ಹಾಕಿದ್ದೀನಿ. ಬೇರು, ಕಾಂಡ, ಎಲೆ, ಹೂ, ಹಣ್ಣು, ಒಂದೊಂದಕ್ಕೂ ಒಂದೊಂದು ಬಾಣ. ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತೆ. ಆಮೇಲೆ ಏನು ಹೇಳೋದು ಅಂತಲೇ ಯೋಚನೆ.

ಮೇಷ್ಟ್ರು: ಚಾರ್ಟಿನಲ್ಲಿರೋದು ಯಾವ ಗಿಡ?

ಟೀಚರ್: ಯಾವುದು ಅಂದ್ರೆ... ಗಿಡ ಸರ್. ಕೆಳಗೆ ಕಂದು ಬೇರು, ಮಧ್ಯೆ ಹಸಿರು ಎಲೆ, ತುದಿಗೊಂದು ಕೆಂಪು ಹೂ, ಪಕ್ಕದಲ್ಲೇ ಒಂದು ಕೆಂಪು ಹಣ್ಣು.

ಮೇಷ್ಟ್ರು: ಅಂಥ ಗಿಡ ಎಲ್ಲೂ ಬೆಳೆಯಲ್ಲ ಕಣಮ್ಮ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬಿಟ್ಟು. ನಿನ್ನ ತರಗತಿಯಲ್ಲಿರೋ ಅರ್ಧ ಮಕ್ಕಳು ಅವ್ವನ ಜೊತೆ ಕೂತು ಶೇಂಗಾ ಕಾಯಿ ಬಿಡಿಸಿದೋರು. ಅವರ ಮುಂದೆ ಹೆಸರಿಲ್ಲದ ಗಿಡ ಇಟ್ಟು ಯಾಕೆ ಪಾಠ ಹೇಳ್ತೀಯ? ಈ ಹೊಲದ್ದೇ ಒಂದು ಗಿಡ ತಗೊಂಡು ಹೋಗು. ಶೇಂಗಾ ಕಾಯಿ ಬೇರಾ, ಹಣ್ಣಾ ಅಂತ ಕೇಳು.

ಟೀಚರ್: ಕೇಳಿದೀನಿ ಸರ್, ಹೋದ ವರ್ಷ. ಎಲ್ಲರೂ ಬೇರು ಅಂದರು. ಮಣ್ಣಿನೊಳಗೆ ಸಿಗುತ್ತಲ್ಲ, ಅದಕ್ಕೆ. ಒಬ್ಬ ಮಾತ್ರ ಆಲೂಗಡ್ಡೆ ಜಾತಿ ಅಂದ.

ಮೇಷ್ಟ್ರು: ಆ ಒಬ್ಬನಿಗೆ ಒಂದು ಆಲೂಗಡ್ಡೆ ಕೊಟ್ಟು ಅದರ ಮೈಮೇಲಿನ ಕಣ್ಣು ಎಣಿಸು ಅನ್ನಬೇಕಿತ್ತು. ಕಣ್ಣು ಅಂತ ನಾವು ಕರೆಯೋದು ಮೊಗ್ಗು. ಮೊಗ್ಗು ಬರೋದು ಕಾಂಡಕ್ಕೆ. ಹಾಗಾಗಿ ಆಲೂಗಡ್ಡೆ ಮಣ್ಣೊಳಗೆ ದಪ್ಪಗಾದ ಕಾಂಡ. ಶುಂಠಿ, ಅರಿಶಿನ ಕೂಡ ಕಾಂಡವೇ. ಕ್ಯಾರೆಟ್, ಗೆಣಸು ಬೇರು. ಈರುಳ್ಳಿಯ ಪದರ ಎಲೆಯ ಬುಡ. ಮಣ್ಣೊಳಗಿದ್ದದ್ದೆಲ್ಲ ಬೇರು ಅನ್ನೋದಾದರೆ ಸಂತೆ ಚೀಲ ಸುರಿದ ಕೂಡಲೇ ಪಾಠ ಬಿದ್ದುಹೋಗುತ್ತೆ. ಇರಲಿ, ಶೇಂಗಾಕ್ಕೆ ಬಾ. ಈ ಗಿಡ ಸ್ವಲ್ಪ ಪಕ್ಕಕ್ಕೆ ಬಗ್ಗಿಸು. ಹೂ ಎಲ್ಲಿದೆ?

ಟೀಚರ್: ಎಲೆ ತೊಟ್ಟಿನ ಸಂದಿಯಲ್ಲಿ. ಹಳದಿ. ಒಂದೆರಡು ಆಗಲೇ ಬಾಡಿವೆ.

ಮೇಷ್ಟ್ರು: ಬೆಳಗಿನ ಜಾವ ಅರಳಿ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗೋ ಹೂ ಅದು. ಅಷ್ಟರಲ್ಲಿ ಅದರ ಪರಾಗ ಅದರದೇ ಶಲಾಕಾಗ್ರಕ್ಕೆ ಅಂಟಿರುತ್ತೆ. ಸಾಮಾನ್ಯವಾಗಿ ಜೇನುಹುಳುವಿನ ಹಂಗೇ ಇಲ್ಲ. ಈಗ ಬಾಡಿದ ಹೂವಿನ ಬುಡ ನೋಡು. ತೆಳ್ಳಗೆ, ನೇರಳೆ ಬಣ್ಣಕ್ಕೆ ತಿರುಗಿದ ಒಂದು ಕಡ್ಡಿ ಇಳಿದಿದೆಯಲ್ಲ?

ಟೀಚರ್: ಇದೆ. ತುದಿ ಚೂಪಾಗಿದೆ. ಇದೊಂದು ಮಣ್ಣು ಮುಟ್ಟಿದೆ. ಇದೊಂದು ಇನ್ನೂ ಗಾಳಿಯಲ್ಲೇ ಇದೆ.

ಮೇಷ್ಟ್ರು: ಆ ಚೂಪು ತುದಿಯಲ್ಲೇ ಅಂಡಾಶಯ ಕೂತಿರೋದು, ಒಳಗೆ ಬೀಜವಾಗಬೇಕಾದ ಅಂಡಗಳ ಸಮೇತ. ಬೇರೆ ಗಿಡಗಳಲ್ಲಿ ಹೂ ಉದುರಿದ ಮೇಲೆ ಅಂಡಾಶಯ ಇದ್ದಲ್ಲೇ ಉಬ್ಬಿ ಕಾಯಾಗುತ್ತೆ. ಬದನೆಯಲ್ಲಿ, ಬೆಂಡೆಯಲ್ಲಿ ನೋಡಿದ್ದೀಯಲ್ಲ. ಇಲ್ಲಿ ಹಾಗಲ್ಲ. ಅಂಡಾಶಯದ ಹಿಂದಿನ ಭಾಗ ಉದ್ದ ಆಗ್ತಾ ಆಗ್ತಾ ಅದನ್ನ ನೆಲಕ್ಕೆ ತಳ್ಳುತ್ತೆ, ಒಂದೆರಡು ಇಂಚು ಮಣ್ಣೊಳಗೆ ತೂರಿಸಿ ಅಡ್ಡಕ್ಕೆ ತಿರುಗಿಸುತ್ತೆ. ಕತ್ತಲೆ ಸಿಕ್ಕಿದ ಮೇಲೇ ಕಾಯಿ ಕಟ್ಟೋಕೆ ಶುರು. ಗಿಡದ ಮೇಲ್ಭಾಗದಲ್ಲಿ ಬಿಟ್ಟ ಹೂವಿನ ಕಡ್ಡಿ ನೆಲಕ್ಕೆ ಎಟುಕದಿದ್ದರೆ ಒಣಗಿಹೋಗುತ್ತೆ, ಅಷ್ಟೇ. ಹೂ ಬಿಟ್ಟ ಮೇಲೆ ಕುಂಟೆ ಹೊಡೆಯೋದು ನಿಲ್ಲಿಸ್ತಾರಲ್ಲ ರೈತರು, ಇಳಿದ ಕಡ್ಡಿ ಕಿತ್ತುಹೋಗಬಾರದು ಅಂತ. ಜಿಪ್ಸಂ ಯಾಕೆ ಹಾಕ್ತಾರೆ ಹೇಳು?

ಟೀಚರ್: ಕಾಯಿ ಜೊಳ್ಳಾಗಬಾರದು ಅಂತ ನಮ್ಮಪ್ಪ ಹೇಳ್ತಿದ್ದರು.

ಮೇಷ್ಟ್ರು: ಸರಿಯಾಗೇ ಹೇಳಿದ್ದಾರೆ. ಅದರಲ್ಲಿರೋ ಕ್ಯಾಲ್ಸಿಯಂ ಬೇಕಾಗಿರೋದು ಕಾಯಿಗೆ. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜೊತೆ ಎಲೆಗೆ ಹೋಗಿಬಿಡುತ್ತೆ, ಕೆಳಗಿರೋ ಕಾಯಿಗೆ ತಿರುಗಿ ಬರಲ್ಲ. ಅದಕ್ಕೇ ಕಾಯಿ ತನ್ನ ಸುತ್ತಲಿನ ಮಣ್ಣಿಂದ ತಾನೇ ಹೀರಿಕೊಳ್ಳುತ್ತೆ. ಹೀರೋ ಕೆಲಸ ಬೇರಿನದು ಮಾತ್ರ ಅಂತ ನಿನ್ನ ಚಾರ್ಟು ಹೇಳುತ್ತೆ, ಇಲ್ಲೊಂದು ಹಣ್ಣು ಆ ಕೆಲಸ ಮಾಡ್ತಾ ಕೂತಿದೆ. ಸಸ್ಯಶಾಸ್ತ್ರದ ಪ್ರಕಾರ ಇದು ಹಣ್ಣೇ. ಹೂವಿನ ಅಂಡಾಶಯದಿಂದ ಬಂದದ್ದು, ಒಳಗೆ ಬೀಜ ಇದೆ. ಅಷ್ಟಿದ್ದರೆ ಹಣ್ಣು. ಸಿಹಿ ಇರಬೇಕು, ಕೆಂಪಗಿರಬೇಕು ಅನ್ನೋ ಕಾಯ್ದೆ ಏನಿಲ್ಲ.

ಟೀಚರ್: ಆದರೆ ಸರ್, ಹತ್ತು ವರ್ಷದ ಮಕ್ಕಳು. ಮೊದಲು ಸುಲಭದ್ದು ಹೇಳಿ ವಿಚಿತ್ರದ್ದು ಆಮೇಲೆ ಹೇಳಬೇಕಲ್ಲವಾ? ಬೇರು ಅಂದ್ರೇನು ಅಂತಲೇ ಗೊತ್ತಿಲ್ಲದೋರಿಗೆ ಬೇರಲ್ಲದ್ದನ್ನ ತೋರಿಸಿದರೆ ಗೊಂದಲ ಆಗಲ್ವಾ?

ಮೇಷ್ಟ್ರು: ಬೇರು ಗೊತ್ತಿಲ್ಲ ಅನ್ನೋದು ನಮ್ಮ ಕಲ್ಪನೆ. ಕಳೆ ಕೀಳೋ ಮಗುಗೆ ಬೇರು ಗೊತ್ತು. ಅದಕ್ಕೆ ಗೊತ್ತಿಲ್ಲದಿರೋದು ಆ ಬೇರು ಏನು ಮಾಡ್ತಿದೆ ಅನ್ನೋದು. ಹೆಸರು ಹೇಳಿಕೊಡೋದು ಸುಲಭ, ಅದಕ್ಕೇ ನಾವು ಹೆಸರಿಂದ ಶುರು ಮಾಡ್ತೀವಿ. ಮಕ್ಕಳಿಗಲ್ಲ, ನಮಗೆ ಸುಲಭ.

ಟೀಚರ್: ಬೇರಿನ ಕೆಲಸವನ್ನೂ ಬರೆಸ್ತೀವಿ ಸರ್. ನೀರು ಮತ್ತು ಲವಣ ಹೀರುವುದು, ಗಿಡವನ್ನು ಹಿಡಿದಿಡುವುದು. ಈ ಬೇರಿನ ಮೇಲೆ ಸಣ್ಣ ಸಣ್ಣ ಗಂಟು ಇವೆಯಲ್ಲ? ಹೋದ ವರ್ಷ ಒಬ್ಬ ಹುಡುಗ ಇದನ್ನ ತೋರಿಸಿ ರೋಗ ಬಂದಿದೆ ಮಿಸ್ ಅಂದ.

ಮೇಷ್ಟ್ರು: ಒಂದು ಗಂಟು ಉಗುರಲ್ಲಿ ಸೀಳು.

ಟೀಚರ್: ಒಳಗೆ ಗುಲಾಬಿ ಬಣ್ಣ!

ಮೇಷ್ಟ್ರು: ಗುಲಾಬಿ ಇದ್ದರೆ ಕೆಲಸ ನಡೀತಿದೆ ಅಂತ ಅರ್ಥ. ನಮ್ಮ ರಕ್ತ ಕೆಂಪಗಿರೋದಕ್ಕೆ ಕಾರಣವಾದ ವಸ್ತುವಿನ ಹತ್ತಿರದ ನೆಂಟ ಒಂದು ಅದರೊಳಗಿದೆ. ಗಂಟಿನಲ್ಲಿ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ, ಆದರೆ ಯಾವ ಗಿಡಕ್ಕೂ ಅದನ್ನ ನೇರವಾಗಿ ಬಳಸೋಕೆ ಬರಲ್ಲ. ಈ ಬ್ಯಾಕ್ಟೀರಿಯಾ ಅದನ್ನ ಹಿಡಿದು ಗಿಡಕ್ಕೆ ಒಗ್ಗೋ ರೂಪಕ್ಕೆ ತರುತ್ತೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ. ತೊಗರಿ, ಹೆಸರು, ಅಲಸಂದೆ, ಎಲ್ಲ ಕಾಳಿನ ಗಿಡಗಳಲ್ಲೂ ಇದೇ ವ್ಯವಹಾರ. ಶೇಂಗಾ ಬೆಳೆದ ಹೊಲದಲ್ಲಿ ಮುಂದಿನ ಜೋಳ ಚೆನ್ನಾಗಿ ಬರುತ್ತೆ ಅಂತ ಹಿರಿಯರು ಹೇಳ್ತಿದ್ದದ್ದು ಸುಮ್ಮನೆ ಅಲ್ಲ.

ಟೀಚರ್: ಸಕ್ಕರೆ ಕೊಡುತ್ತೆ ಅಂದ್ರಿ. ಅಲ್ಲೇ ನನಗೆ ತೊಡಕು. ಗಿಡ ಏನು ತಿನ್ನುತ್ತೆ ಅಂತ ಕೇಳಿದರೆ ಮಕ್ಕಳು ಮಣ್ಣು ಅಂತಾರೆ, ಗೊಬ್ಬರ ಅಂತಾರೆ. ಎಲೆ ಗಿಡದ ಅಡುಗೆಮನೆ ಅಂತ ಬರೆಸ್ತೀನಿ, ಬರೀತಾರೆ. ಮಾರನೇ ದಿನ ಕೇಳಿದರೆ ಮತ್ತೆ ಗೊಬ್ಬರ.

ಮೇಷ್ಟ್ರು: ಅಡುಗೆಮನೆ ಅಂದ ಮೇಲೆ ಅಕ್ಕಿ ಬೇಳೆ ಎಲ್ಲಿಂದ ಬಂತು ಅಂತ ಮಗು ಕೇಳಲೇಬೇಕಲ್ಲ. ನಾವು ಹೇಳಿರಲ್ಲ, ಅದಕ್ಕೆ ಮಣ್ಣಿಂದ ಅಂತ ಅದೇ ಅಂದುಕೊಳ್ಳುತ್ತೆ. ದೊಡ್ಡ ದೊಡ್ಡೋರೂ ಹಾಗೇ ಅಂದುಕೊಂಡಿದ್ದರು. ಬ್ರಸೆಲ್ಸ್ ಕಡೆ ವಾನ್ ಹೆಲ್ಮಾಂಟ್ ಅಂತ ಒಬ್ಬ ವೈದ್ಯ ಇದ್ದ. ಒಂದು ಕುಂಡಕ್ಕೆ 200 ಪೌಂಡ್ ಒಣಮಣ್ಣು ತೂಗಿ ಹಾಕಿ, 5 ಪೌಂಡ್ ತೂಕದ ವಿಲೋ ಸಸಿ ನೆಟ್ಟ. ಧೂಳು ಬೀಳದ ಹಾಗೆ ತೂತು ಮಾಡಿದ ತಗಡು ಮುಚ್ಚಿದ. 5 ವರ್ಷ ನೀರು ಮಾತ್ರ ಹಾಕಿದ. ಆಮೇಲೆ ಕಿತ್ತು ತೂಗಿದರೆ ಮರ ಎಷ್ಟಿತ್ತು?

ಟೀಚರ್: ಎಷ್ಟು?

ಮೇಷ್ಟ್ರು: 169 ಪೌಂಡಿನ ಮೇಲೆ ಚೂರು. ನಮ್ಮ ಲೆಕ್ಕದಲ್ಲಿ ಸುಮಾರು 77 ಕಿಲೋ. ಉದುರಿದ ಎಲೆ ಲೆಕ್ಕಕ್ಕೆ ಹಿಡಿದಿಲ್ಲ. ಮಣ್ಣನ್ನ ಮತ್ತೆ ಒಣಗಿಸಿ ತೂಗಿದ. ಕಡಿಮೆಯಾಗಿದ್ದದ್ದು 2 ಔನ್ಸ್, ಅಂದರೆ 60 ಗ್ರಾಮೂ ಇಲ್ಲ.

ಟೀಚರ್: ಎಪ್ಪತ್ತೇಳು ಕಿಲೋ ಮರಕ್ಕೆ ಅರವತ್ತು ಗ್ರಾಂ ಮಣ್ಣಾ? ಹಾಗಾದರೆ ಉಳಿದದ್ದು?

ಮೇಷ್ಟ್ರು: ನೀರು ಅಂದ ಅವನು. ಹಾಕಿದ್ದು ನೀರೊಂದೇ ತಾನೇ? ಅವನು ತೀರಿಕೊಂಡ ಮೇಲೆ, 1648ರಲ್ಲಿ, ಅವನ ಬರವಣಿಗೆ ಅಚ್ಚಾಯಿತು. ತಮಾಷೆ ಏನು ಅಂದ್ರೆ, ಇದ್ದಿಲು ಸುಟ್ಟಾಗ ಹೊರಡೋ ಗಾಳಿ ಬೇರೆಯದೇ ಒಂದು ವಸ್ತು ಅಂತ ಗುರುತಿಸಿದೋನೂ ಅವನೇ. ಮರ ಕಟ್ಟಿಕೊಂಡಿದ್ದು ಅದೇ ಗಾಳಿಯಿಂದ, ಅದು ಮಾತ್ರ ಅವನಿಗೆ ಹೊಳೆಯಲಿಲ್ಲ. ನನಗೆ ಈ ಪ್ರಯೋಗ ಇಷ್ಟ ಆಗೋದು ಅದಕ್ಕೇ. ತೂಕ ಅಷ್ಟು ಸರಿ, ಉತ್ತರ ಅರ್ಧ ಮಾತ್ರ ಸರಿ.

ಟೀಚರ್: ಇಂಗಾಲದ ಡೈಆಕ್ಸೈಡ್. ಎಲೆ ಅದನ್ನ ಒಳಗೆ ತಗೊಂಡು, ಬೇರಿಂದ ಬಂದ ನೀರು ಸೇರಿಸಿ, ಬಿಸಿಲಿನ ಶಕ್ತಿಯಿಂದ ಸಕ್ಕರೆ ಮಾಡುತ್ತೆ. ಆಮ್ಲಜನಕ ಹೊರಗೆ. ಇದು ನನಗೂ ಬಾಯಿಪಾಠ ಸರ್. ಆದರೆ ಮರದ ತೂಕ ಅಲ್ಲಿಂದಲೇ ಬಂತು ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ.

ಮೇಷ್ಟ್ರು: ಹತ್ತು ಸಾವಿರ ಪಾಲು ಗಾಳಿಯಲ್ಲಿ ಅದು ಇರೋದು ನಾಲ್ಕು ಪಾಲು. ಅಷ್ಟರಲ್ಲೇ ಹೆಕ್ಕಿ ಹೆಕ್ಕಿ ಈ ಹೊಲ, ಆ ಬೇವಿನ ಮರ, ದಾರಿಯ ಜಾಲಿ ಎಲ್ಲ ಆಗಿರೋದು. ಒಣಗಿದ ಕಟ್ಟಿಗೆ ಹೆಚ್ಚುಕಡಿಮೆ ಪೂರ್ತಿ ಗಾಳಿ ಮತ್ತು ನೀರಿಂದ ಆದದ್ದು. ಮಕ್ಕಳಿಗೆ ನಂಬಿಕೆ ಬರಲ್ಲ, ಬರಬಾರದು ಕೂಡ. ಹಾಗಾಗಿ ಬಿಸಿಯೂಟದ ಒಲೆ ಹತ್ತಿರ ಕರೆದುಕೊಂಡು...

ಟೀಚರ್: ಈಗ ಗ್ಯಾಸ್ ಸರ್.

ಮೇಷ್ಟ್ರು: ಸರಿ, ಯಾರ ಮನೆಯಲ್ಲಾದರೂ ಸ್ನಾನಕ್ಕೆ ನೀರು ಕಾಯಿಸೋ ಒಲೆ ಇರುತ್ತಲ್ಲ. ಒಂದು ಹೊರೆ ಜಾಲಿ ಸೌದೆ ಉರಿಸಿದರೆ ಬೂದಿ ಎಷ್ಟು ಉಳಿಯುತ್ತೆ ಅಂತ ಮಗುವನ್ನೇ ಕೇಳು. ಎರಡು ಮೂರು ಬೊಗಸೆ. ಆ ಬೂದಿಯೇ ಮಣ್ಣಿಂದ ಬಂದ ಪಾಲು: ಪೊಟ್ಯಾಷಿಯಂ, ಕ್ಯಾಲ್ಸಿಯಂ, ರಂಜಕ ಅಂಥದ್ದು. ಮಿಕ್ಕಿದ್ದು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು, ಗಾಳಿಗೆ. ಗೊಬ್ಬರ ಬೇಡ ಅಂತಲ್ಲ. ಆ ಬೊಗಸೆಯಷ್ಟು ಸಿಗದಿದ್ದರೆ ಹೊರೆ ಬೆಳೆಯೋದೇ ಇಲ್ಲ. ಸಾರಜನಕ ಕಡಿಮೆಯಾದರೆ ಎಲೆ ಹಳದಿಯಾಗೋದನ್ನ ರೈತನ ಮಗು ನೋಡಿರುತ್ತೆ. ಆದರೆ ಗೊಬ್ಬರ ತಿಂದು ಗಿಡ ದಪ್ಪ ಆಗಲ್ಲ. ಈ ಒಂದು ವಿಷಯ ಐದನೇ ತರಗತಿಯಲ್ಲಿ ನೆಟ್ಟಗೆ ಕೂತರೆ ಉಳಿದದ್ದೆಲ್ಲ ಹೈಸ್ಕೂಲಿನಲ್ಲಿ ನೋಡಿಕೊಳ್ಳಬಹುದು.

ಟೀಚರ್: ಬಿಸಿಲು ಬೇಕೇ ಬೇಕು ಅನ್ನೋದನ್ನ ಹೇಗೆ ತೋರಿಸೋದು? ಎಲೆಯನ್ನ ಸ್ಪಿರಿಟ್‌ನಲ್ಲಿ ಕುದಿಸಿ ಅಯೋಡಿನ್ ಹಾಕೋ ಪ್ರಯೋಗ ನೀವು ಮಾಡಿಸಿದ್ದಿರಿ. ನಮ್ಮಲ್ಲಿ ಸ್ಪಿರಿಟ್ ಇಲ್ಲ, ಇದ್ದರೂ ಈ ಮಕ್ಕಳ ಮುಂದೆ ಬೆಂಕಿ ಹತ್ತಿರ ಇಡೋಕೆ ಭಯ.

ಮೇಷ್ಟ್ರು: ಬೇಡ. ಮೈದಾನದ ಹುಲ್ಲಿನ ಮೇಲೆ ಒಂದು ಇಟ್ಟಿಗೆ ಇಡು, ಒಂದು ವಾರ ಬಿಟ್ಟು ಎತ್ತು. ಕೆಳಗಿನ ಹುಲ್ಲು ಬಿಳಿಚಿಕೊಂಡು ಹಳದಿಯಾಗಿರುತ್ತೆ. ಬೆಳಕಿಲ್ಲದ ಕಡೆ ಪತ್ರಹರಿತ್ತು ಉಳಿಯಲ್ಲ. ಇಟ್ಟಿಗೆ ತೆಗೆದು ಹಾಗೇ ಬಿಟ್ಟರೆ ಮತ್ತೆ ಹಸಿರಾಗೋದನ್ನೂ ನೋಡಬಹುದು. ಗಿಡ ಕೆಟ್ಟ ಗಾಳಿಯನ್ನ ಒಳ್ಳೇದು ಮಾಡುತ್ತೆ ಅಂತ ಇಂಗ್ಲೆಂಡಿನ ಪ್ರೀಸ್ಟ್ಲಿ 1771ರಲ್ಲಿ ಕಂಡುಕೊಂಡ. ಮೇಣದಬತ್ತಿ ಉರಿದು ಆರಿಹೋದ ಗಾಜಿನ ಪಾತ್ರೆಯಲ್ಲಿ ಪುದೀನ ಇಟ್ಟು, ಕೆಲವು ದಿನ ಬಿಟ್ಟು ನೋಡಿದರೆ ಬತ್ತಿ ಮತ್ತೆ ಉರಿಯಿತು. ಅದು ನಡೆಯೋದು ಬೆಳಕಿದ್ದಾಗ, ಹಸಿರು ಭಾಗದಲ್ಲಿ ಮಾತ್ರ ಅಂತ 1779ರಲ್ಲಿ ಇಂಗೆನ್‌ಹೌಸ್ ತೋರಿಸಿದ.

ಟೀಚರ್: ಅಲ್ಲಿಗೇ ಬಂತು ನೋಡಿ ಹುಣಸೆ ಮರ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು, ದೆವ್ವ ಇರುತ್ತೆ ಅಂತಾರೆ ಮಕ್ಕಳು. ದೆವ್ವ ಅಲ್ಲ, ರಾತ್ರಿ ಮರ ಇಂಗಾಲದ ಡೈಆಕ್ಸೈಡ್ ಬಿಡುತ್ತೆ, ಉಸಿರು ಕಟ್ಟುತ್ತೆ ಅಂತ ನಾನು ಹೇಳ್ತೀನಿ.

ಮೇಷ್ಟ್ರು: ದೆವ್ವವನ್ನ ಓಡಿಸಿ ಆ ಜಾಗದಲ್ಲಿ ಇನ್ನೊಂದು ದೆವ್ವ ಕೂರಿಸಿದ ಹಾಗಾಯಿತು.

ಟೀಚರ್: ಯಾಕೆ ಸರ್? ರಾತ್ರಿ ಬಿಡುತ್ತೆ ತಾನೇ?

ಮೇಷ್ಟ್ರು: ಬಿಡುತ್ತೆ. ಹಗಲೂ ಬಿಡುತ್ತೆ. ಗಿಡ ಇಪ್ಪತ್ತನಾಲ್ಕು ಗಂಟೆ ಉಸಿರಾಡ್ತಾನೇ ಇರುತ್ತೆ, ನಮ್ಮ ಹಾಗೇ ಆಮ್ಲಜನಕ ತಗೊಂಡು. ಹಗಲಲ್ಲಿ ಆಹಾರ ತಯಾರಿಸೋ ಕೆಲಸ ಅದಕ್ಕಿಂತ ಜೋರಾಗಿ ನಡೆಯೋದರಿಂದ ಮೊತ್ತದಲ್ಲಿ ಆಮ್ಲಜನಕವೇ ಹೊರಗೆ ಬರುತ್ತೆ. ರಾತ್ರಿ ಆ ಕೆಲಸ ನಿಂತಿರುತ್ತೆ, ಉಸಿರಾಟ ಮಾತ್ರ ಉಳಿಯುತ್ತೆ. ಆದರೆ ಬಯಲಲ್ಲಿ ಗಾಳಿ ಬೆರೆತುಹೋಗುತ್ತೆ, ಉಸಿರು ಕಟ್ಟೋವಷ್ಟು ಒಂದೇ ಕಡೆ ನಿಲ್ಲಲ್ಲ. ಮನೆಯೊಳಗಿನ ಕುಂಡದ ಗಿಡ ರಾತ್ರಿಯಿಡೀ ಬಿಡೋದಕ್ಕಿಂತ ಪಕ್ಕದಲ್ಲಿ ಮಲಗಿರೋ ತಮ್ಮ ಹೆಚ್ಚು ಬಿಡ್ತಾನೆ. ಹುಣಸೆ ಎಲೆ ಸಂಜೆಗೆ ಮಡಿಚಿಕೊಳ್ಳುತ್ತಲ್ಲ, ಆ ಕಡೆ ಅವರ ಗಮನ ತಿರುಗಿಸು. ಅದಕ್ಕೆ ಹುಣಸೆ ಮರದವರೆಗೂ ಹೋಗಬೇಕಾಗಿಲ್ಲ. ಶೇಂಗಾದ್ದೂ ಹಾಗೇ, ತೊಟ್ಟಿಗೆ ನಾಲ್ಕು ಕಿರುಎಲೆ, ಕತ್ತಲಾದರೆ ಜೋಡಿ ಜೋಡಿಯಾಗಿ ಮುಚ್ಚಿಕೊಳ್ತವೆ. ಸಂಜೆ ಏಳಕ್ಕೆ ಹೊಲಕ್ಕೆ ಹೋದ ಮಗು ಬೆಳಿಗ್ಗೆ ಬಂದು ನಿನಗೆ ವರದಿ ಕೊಡುತ್ತೆ.

ಟೀಚರ್: ಬೀಜದಿಂದ ಶುರು ಮಾಡಲಾ, ಈ ಗಿಡದಿಂದಲಾ?

ಮೇಷ್ಟ್ರು: ಗಿಡದಿಂದ. ಬೀಜ ಎರಡನೇ ದಿನಕ್ಕೆ ಇರಲಿ. ಎಲ್ಲರಿಗೂ ನೆನೆಸಿದ ಒಂದೊಂದು ಶೇಂಗಾ ಬೀಜ ಕೊಡು. ಸಿಪ್ಪೆ ತೆಗೆದು ಎರಡು ಹೋಳು ಮಾಡಲಿ. ಒಂದು ತುದಿಯಲ್ಲಿ ಪುಟ್ಟ ಮೂತಿ ಇರುತ್ತಲ್ಲ, ಕಹಿ ಅಂತ ಕೆಲವರು ಕಿತ್ತು ಬಿಸಾಡ್ತಾರೆ...

ಟೀಚರ್: ಅದೇ ಮರಿಗಿಡ.

ಮೇಷ್ಟ್ರು: ಭೂತಗನ್ನಡಿ ಹಿಡಿದರೆ ಅದರೊಳಗೆ ಮಡಿಚಿದ ಎಲೆಗಳೂ ಕಾಣ್ತವೆ. ಹೊರಗೆ ಚಾಚಿರೋ ತುದಿ ಬೇರು. ನಾವು ತಿನ್ನೋ ಆ ಎರಡು ದಪ್ಪ ಹೋಳು ಬೀಜದಳ, ಎಲೆ ಹಸಿರಾಗಿ ತನ್ನ ಕೆಲಸ ಶುರು ಮಾಡೋವರೆಗೆ ಮರಿಗಿಡಕ್ಕೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ರಾಗಿ, ಜೋಳ, ಭತ್ತ ಹೀಗೆ ಎರಡಾಗಿ ಬಿಡಿಸಿಕೊಳ್ಳಲ್ಲ, ಅವಕ್ಕೆ ಬೀಜದಳ ಒಂದೇ. ಮೊಳಕೆಗೆ ಏನೇನು ಬೇಕು ಅಂತ ಕೇಳಿದರೆ ಏನು ಬರೀತಾರೆ?

ಟೀಚರ್: ನೀರು, ಗಾಳಿ, ಸೂರ್ಯನ ಬೆಳಕು.

ಮೇಷ್ಟ್ರು: ಹೆಸರುಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಡಬ್ಬಿಯೊಳಗಿಟ್ಟರೆ ಮೊಳಕೆ ಬರಲ್ವಾ? ಅಲ್ಲಿ ಯಾವ ಸೂರ್ಯ? ಹೆಚ್ಚಿನ ಬೀಜಗಳಿಗೆ ನೀರು, ಗಾಳಿ, ಹದವಾದ ಬಿಸಿ ಇಷ್ಟು ಸಾಕು. ಗಾಳಿ ಯಾಕೆ ಅಂದ್ರೆ ಬೀಜವೂ ಉಸಿರಾಡುತ್ತೆ. ಒಂದು ಲೋಟದಲ್ಲಿ ನೀರು ತುಂಬಿ ನಾಲ್ಕು ಕಾಳು ಮುಳುಗಿಸಿ ಬಿಡು. ಒಂದು ವಾರದಲ್ಲಿ ವಾಸನೆಯೇ ಹೇಳುತ್ತೆ.

ಟೀಚರ್: ಗಂಟೆ ಕಟ್ಟಿರೋ ಬೇವಿನ ಮರದ ಬಗ್ಗೆ ಹೋದ ವಾರ ಒಂದು ಹುಡುಗಿ ಕೇಳಿದಳು. ಮರ ಬೆಳೆದ ಹಾಗೆ ಗಂಟೆ ಮೇಲೆ ಹೋಗಲ್ವಾ ಮಿಸ್ ಅಂತ. ನಾನು ಓದುವಾಗಿಂದ ಅದೇ ಮೊಳೆ ಸರ್. ಆಗ ಎಗರಿ ಹೊಡೀತಿದ್ದೆ, ಈಗ ಕೈಗೆ ಸಿಗುತ್ತೆ. ನಾನು ಬೆಳೆದೆ, ಮೊಳೆ ಅಲ್ಲೇ ಇದೆ.

ಮೇಷ್ಟ್ರು: ಒಳ್ಳೇ ಪ್ರಶ್ನೆ. ಏನು ಹೇಳಿದೆ?

ಟೀಚರ್: ಮರ ಉದ್ದ ಆಗೋದು ತುದಿಯಲ್ಲಿ ಅಂದೆ. ಕೊಂಬೆ ತುದಿ, ಬೇರಿನ ತುದಿ.

ಮೇಷ್ಟ್ರು: ಕೆಳಗಿನ ಕಾಂಡ ದಪ್ಪ ಆಗುತ್ತೆ, ಎತ್ತರಕ್ಕೆ ಎಳೆದುಕೊಳ್ಳಲ್ಲ. ಮೊಳೆಯ ಬುಡವನ್ನ ತೊಗಟೆ ನುಂಗ್ತಾ ಬಂದಿದೆ ನೋಡು, ಅದನ್ನೂ ತೋರಿಸು. ತೆಂಗಿನ ಮರದಲ್ಲಿ ಬೇವಿನ ಹಾಗೆ ದಪ್ಪ ಮಾಡೋ ಪದರವೇ ಇಲ್ಲ. ಅದಕ್ಕೇ ಹತ್ತೋಕೆ ಕಡಿದ ಮೆಟ್ಟಿಲು ಮುಚ್ಚಿಕೊಳ್ಳದೆ ಮರ ಇರೋವರೆಗೂ ಹಾಗೇ ಇರುತ್ತೆ.

ಟೀಚರ್: ಇಷ್ಟೆಲ್ಲ ಮಾಡಿದ ಮೇಲೆ ಪರೀಕ್ಷೆಗೆ ಬರೋದು ಅದೇ: ಸಸ್ಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಶೇಂಗಾ ಬರೆದರೆ ಅಂಕ ಕೊಡ್ತಾರಾ?

ಮೇಷ್ಟ್ರು: ತಿದ್ದೋದು ನೀನೇ ಅಲ್ವಾ? ಚಾರ್ಟ್ ಬೇಡ ಅಂತ ನಾನು ಹೇಳಲಿಲ್ಲ. ನಾಲ್ಕನೇ ದಿನ ತೂಗು ಹಾಕು. ಈ ಚಿತ್ರ ಬರೆದೋರು ಯಾವ ಗಿಡ ನೋಡಿ ಬರೆದಿದ್ದಾರೆ ಅಂತ ಮಕ್ಕಳೇ ಕೇಳ್ತಾರೆ. ಆಗ ಬಾಣದ ಗುರುತು ಬರೆಸು, ಪರೀಕ್ಷೆಗೂ ಆಯಿತು.

ಟೀಚರ್: ಹಾಗಾದರೆ ಈ ಹೊಲದೋರನ್ನ ಇವತ್ತೇ ಕೇಳಬೇಕು. ಮೂವತ್ತೆರಡು ಮಕ್ಕಳು ಸರ್. ಒಟ್ಟಿಗೆ ನುಗ್ಗಿದರೆ ಬೆಳೆ ಉಳಿಯಲ್ಲ.

ಮೇಷ್ಟ್ರು: ನಾಲ್ಕು ಗಿಡ ಸಾಕು, ಎಂಟು ಮಕ್ಕಳಿಗೆ ಒಂದು. ಕೈಯಲ್ಲಿ ಎಳೆಯೋಕೆ ಬಿಡಬೇಡ, ಗಂಟೆಲ್ಲ ಕಿತ್ತು ಮಣ್ಣಲ್ಲೇ ಉಳಿದುಬಿಡುತ್ತೆ. ಗುದ್ದಲಿ ಹಾಕಿ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಅದ್ದಿ ತೊಳೆಯಲಿ.

ಟೀಚರ್: ಪಾಠ ಮುಗಿದ ಮೇಲೆ ಕಾಯಿ ವಾಪಸ್ ಕೊಡ್ತೀವಿ ಅಂತ ಹೇಳಲಾ?

ಮೇಷ್ಟ್ರು: ಹಾಗೆ ಮಾತು ಕೊಡಬೇಡ. ಹಸಿ ಶೇಂಗಾ, ಮೂವತ್ತೆರಡು ಮಕ್ಕಳು.